ಜೆಂಕಿನ್ಸ್ ಪ್ಲಗಿನ್ ಫೋಲ್ಡರಿಗೆ ಕೈ ಹಾಕುವ ಮುಂಚೆ ಓದಿ

ಜೆಂಕಿನ್ಸ್ (ಕೋಡ್ ತಂದು ಬಿಲ್ಡ್ ಮಾಡುವ ಕೆಲಸವನ್ನು ತಾನಾಗಿ ಓಡಿಸುವ ಸಾಫ್ಟ್‌ವೇರ್) ಸರ್ವರ್ ನೋಡಿಕೊಳ್ಳುವವರಿಗೆ ಒಂದು ಮಾತು. ಪ್ಲಗಿನ್ (ಜೆಂಕಿನ್ಸಿಗೆ ಜೋಡಿಸುವ ಹೆಚ್ಚುವರಿ ತುಣುಕು) ಲೋಡ್ ಆಗದೆ ಇರುವಾಗ ಯಾವ ಜಾಬ್ (ಅದಕ್ಕೆ ಒಪ್ಪಿಸಿದ ಒಂದೊಂದು ಕೆಲಸ) ತೆರೆದರೂ ಸೇವ್ ಮಾತ್ರ ಒತ್ತಬೇಡಿ. ನಾನು ಒತ್ತಿ ಆರು ಜಾಬ್‌ಗಳ ಸೆಟ್ಟಿಂಗ್ ಕಳೆದುಕೊಂಡೆ.

ನಮ್ಮ ಬಿಲ್ಡ್ ಸರ್ವರಿಗೆ ಇಂಟರ್ನೆಟ್ ಇಲ್ಲ. ಗಿಟ್ (ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಸಾಧನ) ಮೂಲಕ ಕೋಡ್ ತರುವ ಹೊಸ ಗಿಟ್ ಪ್ಲಗಿನ್ನಿನ ಎಚ್‌ಪಿಐ ಫೈಲನ್ನು ಬೇರೆ ಕಡೆ ಇಳಿಸಿಕೊಂಡು, ಜೆಂಕಿನ್ಸ್ ಹೋಮ್ (ಜೆಂಕಿನ್ಸ್ ತನ್ನ ಫೈಲುಗಳನ್ನು ಇಡುವ ಫೋಲ್ಡರ್) ಒಳಗಿನ ಪ್ಲಗಿನ್ಸ್ ಫೋಲ್ಡರಿಗೆ ಸುಮ್ನೆ ಕಾಪಿ ಮಾಡಿ ರೀಸ್ಟಾರ್ಟ್ ಕೊಟ್ಟೆ. ಹಳೇ ವರ್ಷನ್ನೇ ತೋರಿಸಿತು. ಯಾಕಂದ್ರೆ ಅದೇ ಹೆಸರಿನ ಹಳೇ ಜೆಪಿಐ (.jpi) ಫೈಲು ಅಲ್ಲೇ ಇತ್ತು, ಹೊಸದು ಎಚ್‌ಪಿಐ (.hpi). ಎರಡೂ ಒಂದೇ ಬಗೆಯ ಫೈಲು, ಹೆಸರಿನ ಬಾಲ ಮಾತ್ರ ಬೇರೆ. ಎರಡೂ ಇದ್ದರೆ ಜೆಂಕಿನ್ಸ್ ಜೆಪಿಐ ತಗೊಂಡು ಎಚ್‌ಪಿಐಯನ್ನು ಬಿಡುತ್ತದೆ. ಲಾಗ್‌ನಲ್ಲಿ ಅದನ್ನೇ ಒಂದು ಸಾಲಿನಲ್ಲಿ ಬರೆದಿತ್ತು, ನಾನು ನೋಡಿರಲಿಲ್ಲ.

ಹಳೇ ಫೈಲನ್ನು ಅಳಿಸಿ ಮತ್ತೆ ರೀಸ್ಟಾರ್ಟ್ ಮಾಡಿದೆ. ಈ ಸಲ ಗಿಟ್ ಲೋಡೇ ಆಗಲಿಲ್ಲ. ಹೊಸ ವರ್ಷನ್ನಿಗೆ ಹೊಸ ಗಿಟ್ ಕ್ಲೈಂಟ್ ಪ್ಲಗಿನ್ನೂ ಬೇಕಿತ್ತು. ಕೈಯಾರೆ ಕಾಪಿ ಮಾಡಿದರೆ ಅದು ತಾನಾಗಿ ಬರುವುದಿಲ್ಲ ಅಲ್ವಾ?

ರಾತ್ರಿ ಬಿಲ್ಡ್‌ಗಳು ಫೇಲಾಗಿ ಎಲ್ಲರಿಗೂ ಮೇಲ್ ಹೋಗದಿರಲಿ ಎಂದು ಆರು ಫ್ರೀಸ್ಟೈಲ್ ಜಾಬ್ (ಸೆಟ್ಟಿಂಗನ್ನು ಪರದೆಯಲ್ಲೇ ತುಂಬುವ ಬಗೆ) ತೆರೆದು ಟೈಮರ್ ತೆಗೆದೆ. ಸೋರ್ಸ್ ಕೋಡ್ ಮ್ಯಾನೇಜ್‌ಮೆಂಟ್ (ಕೋಡ್ ಎಲ್ಲಿಂದ ತರಬೇಕೆಂದು ಹೇಳುವ) ಜಾಗದಲ್ಲಿ 'None', ಅಂದರೆ ಯಾವುದೂ ಇಲ್ಲ, ಅಂತಿತ್ತು. ರೆಪೊ (ಕೋಡ್ ಇರುವ ಜಾಗ) ವಿಳಾಸ, ಬ್ರ್ಯಾಂಚ್ (ಕೋಡಿನ ಕವಲು) ಯಾವುದೂ ಕಾಣಲಿಲ್ಲ. ಆ ಗಳಿಗೆಯಲ್ಲಿ ಡಿಸ್ಕಿನಲ್ಲಿದ್ದ ಕಾನ್ಫಿಗ್ ಫೈಲಿನಲ್ಲಿ ಅವೆಲ್ಲ ಭದ್ರವಾಗಿಯೇ ಇದ್ದವು. ಓದಲು ಪ್ಲಗಿನ್ ಇರಲಿಲ್ಲ, ಅಷ್ಟೇ. ಸೇವ್ ಒತ್ತಿದ ಕೂಡಲೇ ಪರದೆಯ ಮೇಲಿದ್ದ ಖಾಲಿ ಸೆಟ್ಟಿಂಗೇ ಆ ಫೈಲಿಗೂ ಹೋಯಿತು. ಮರುದಿನ ಪ್ಲಗಿನ್ ಸರಿ ಮಾಡಿದಾಗ ಉಳಿದ ಜಾಬ್‌ಗಳು ಮೊದಲಿನಂತಾದವು, ಈ ಆರು ಆಗಲಿಲ್ಲ.

ನಿಮಗೂ ಹೀಗಾಗಿದ್ದರೆ ಹಳೇ ಬಿಲ್ಡ್‌ನ ಕನ್ಸೋಲ್ ಔಟ್‌ಪುಟ್ (ಬಿಲ್ಡ್ ಓಡುವಾಗ ಬರೆದಿಟ್ಟ ಸಾಲುಗಳು) ನೋಡಿ. ರೆಪೊ ವಿಳಾಸ, ಬ್ರ್ಯಾಂಚ್ ಅಲ್ಲಿ ಸಿಗುತ್ತದೆ. ಐದು ಜಾಬ್‌ಗಳನ್ನು ನಾನು ಹಾಗೇ ಮತ್ತೆ ಕಟ್ಟಿದೆ.

ಈಗ ಮೊದಲು ಸರ್ವರ್ ನಿಲ್ಲಿಸಿ, ಇಡೀ ಪ್ಲಗಿನ್ಸ್ ಫೋಲ್ಡರನ್ನೂ ಎಲ್ಲ ಜಾಬ್‌ಗಳ ಕಾನ್ಫಿಗ್ ಫೈಲುಗಳನ್ನೂ ಬೇರೆ ಕಡೆ ಎತ್ತಿಡುತ್ತೇನೆ. ಇಂಟರ್ನೆಟ್ ಇರುವ ಮಷೀನಿನಲ್ಲಿ ಜೆಂಕಿನ್ಸ್ ಪ್ಲಗಿನ್ ಸಿಎಲ್ಐ (ಪ್ಲಗಿನ್ ಇಳಿಸುವ ಕಮಾಂಡ್ ಲೈನ್ ಸಾಧನ) ಓಡಿಸಿ, ನಮ್ಮ ಜೆಂಕಿನ್ಸ್ ವರ್ಷನ್ ಕೊಟ್ಟರೆ, ಬೇಕಾದ ಪ್ಲಗಿನ್ ಜೊತೆ ಅದಕ್ಕೆ ಬೇಕಾದ ಬೇರೆ ಪ್ಲಗಿನ್‌ಗಳೂ ಇಳಿಯುತ್ತವೆ. ಎಲ್ಲವನ್ನೂ ಒಟ್ಟಿಗೇ ಹಾಕುತ್ತೇನೆ. ಏನಾದರೂ ಎಡವಟ್ಟಾದರೆ ಜಾಬ್ ಮುಟ್ಟದೆ, ಸರ್ವರ್ ನಿಲ್ಲಿಸಿ ಹಳೇ ಫೋಲ್ಡರನ್ನೇ ವಾಪಸ್ ಇಡುತ್ತೇನೆ.

ಆರನೇ ಜಾಬ್‌ನ ಹಳೇ ಬಿಲ್ಡ್‌ಗಳನ್ನೆಲ್ಲ ಮುಂಚೆಯೇ ಅಳಿಸಿದ್ದೆವು. ಅದರ ಬ್ರ್ಯಾಂಚ್ ಯಾವುದಿತ್ತೆಂದು ಇನ್ನೂ ಹುಡುಕುತ್ತಿದ್ದೇನೆ.