ಮೊಬೈಲ್ ಬ್ಯಾಲೆನ್ಸ್‌ನಲ್ಲಿ ಸ್ಲಾಟ್ ಆಡಬೇಡಿ, ನೂರಕ್ಕೆ 52 ರೂಪಾಯಿ ಸಿಕ್ಕಿತು ನನಗೆ

ನಾನು ದಾವಣಗೆರೆ ಎಪಿಎಂಸಿಯ ಒಂದು ಮಂಡಿಯಲ್ಲಿ ಲೆಕ್ಕ ಬರೆಯುವವನು. ಹದಿನಾರು ವರ್ಷದಿಂದ ಇದೇ ಕೆಲಸ. ಅಂಥವನೇ ಲೆಕ್ಕದಲ್ಲಿ ಮೋಸ ಹೋದೆ. ಹೇಳಲು ನಾಚಿಕೆ, ಆದರೂ ಹೇಳುತ್ತೇನೆ.

2025ರ ದೀಪಾವಳಿ ಕಳೆದಿತ್ತು. ಮೆಕ್ಕೆಜೋಳದ ಸೀಸನ್. ಲಾರಿ ತುಂಬುವ ತನಕ ರಾತ್ರಿ ಹತ್ತರವರೆಗೆ ಕೂತಿರಬೇಕು. ಸುಮ್ನೆ ಮೊಬೈಲ್ ನೋಡುವಾಗ ಒಂದು ಜಾಹೀರಾತು ಬಂತು. ಹಣ್ಣಿನ ಚಿತ್ರ ತಿರುಗುವ ಸ್ಲಾಟ್ ಆಟ. "ಬ್ಯಾಂಕ್ ಬೇಡ, ಯುಪಿಐ ಬೇಡ, ಮೊಬೈಲ್ ಬ್ಯಾಲೆನ್ಸ್ ಸಾಕು" ಅಂತ ಇತ್ತು. ನಾನು ಬಿದ್ದಿದ್ದೇ ಅಲ್ಲಿ. ನಮ್ಮ ಖಾತೆಯ ಮೆಸೇಜ್ ಹೆಂಡತಿಯ ಫೋನಿಗೆ ಬರುತ್ತೆ. ಅಂಗಡಿಯಲ್ಲಿ ನೂರು ರೂಪಾಯಿ ಕೊಟ್ಟು ಟಾಪ್‌ಅಪ್ ಹಾಕಿಸಿದರೆ ಯಾರಿಗೆ ಗೊತ್ತಾಗುತ್ತೆ? ಇದು ನನ್ನ ಕಳ್ಳಬುದ್ಧಿ, ಒಪ್ಪಿಕೊಳ್ಳುತ್ತೇನೆ.

ನೂರರ ಟಾಪ್‌ಅಪ್‌ಗೆ ಬರುವುದು 81.75. ಜಿಎಸ್‌ಟಿ ಮತ್ತು ರೀಚಾರ್ಜ್ ಶುಲ್ಕ ಅಲ್ಲೇ ಹೋಯಿತು. ಇದು ಎಲ್ಲರಿಗೂ ಗೊತ್ತಿರುವುದೇ. ಆಟದ ಪ್ಯಾಕ್ 75. ಕಟ್ಟಿದೆ. ಆಟದೊಳಗೆ ಬಂದಿದ್ದು 52! ಚಾಟ್‌ನಲ್ಲಿ ಕೇಳಿದೆ. "ಮೊಬೈಲ್ ಬಿಲ್ಲಿಂಗ್ ಚಾರ್ಜ್ ಸರ್, ಎಲ್ಲರಿಗೂ ಇರುತ್ತೆ" ಅಂದರು. ಸರಿ ಅಂತ ಸುಮ್ಮನಾದೆ. ನೋಡಿ, ಆಗಲೇ ಬಿಡಬೇಕಿತ್ತು. ಆಗಲೇ.

ನಮ್ಮ ಮಂಡಿಯಲ್ಲಿ ಒಂದು ಚೀಲಕ್ಕೆ ಹಮಾಲಿ ಎಷ್ಟು, ತೂಕ ಎಷ್ಟು ಅಂತ ಪಟ್ಟಿಯಲ್ಲಿ ಬರೆಯದಿದ್ದರೆ ರೈತ ಕೊರಳಪಟ್ಟಿ ಹಿಡಿದು ಕೇಳುತ್ತಾನೆ. ನಾನು ಕೇಳಲಿಲ್ಲ. 23 ಸಲ ಹಾಕಿಸಿದೆ. 2,300 ರೂಪಾಯಿ. ಆಟಕ್ಕೆ ಸೇರಿದ್ದು 1,196. ಚಕ್ರ ತಿರುಗುವ ಮೊದಲೇ 1,104 ಹೋಗಿತ್ತು. ಸೋಲು ಗೆಲುವಿನ ಮಾತು ಆಮೇಲೆ! ಈ ಲೆಕ್ಕವನ್ನು ಬರೆದು ನೋಡಿದ್ದು ಎಲ್ಲ ಮುಗಿದ ಮೇಲೆ.

ಒಂದು ರಾತ್ರಿ 1,840 ಆಯಿತು. ಸಾಕು, ತೆಗೆದುಕೊಂಡು ಬಿಟ್ಟುಬಿಡೋಣ ಅಂದುಕೊಂಡೆ. ಆಗ ಶುರುವಾಯಿತು.

"ಮೊಬೈಲ್‌ನಲ್ಲಿ ಕಟ್ಟಿದ್ದು ಮೊಬೈಲ್‌ಗೆ ವಾಪಸ್ ಬರಲ್ಲ ಸರ್. ಬ್ಯಾಂಕ್ ಖಾತೆ ಕೊಡಿ."
ಕೊಟ್ಟೆ.
"ಆಧಾರ್ ಫೋಟೋ ಕಳಿಸಿ ಸರ್."
ಕಳಿಸಿದೆ. ಅಯ್ಯೋ, ಅದನ್ನೂ ಕಳಿಸಿದೆ.
"ಕನಿಷ್ಠ 2,000 ಆಗಬೇಕು ಸರ್. ಇನ್ನೂ ಆಡಿ."
ಆಡಿದೆ. 2,060 ಆಯಿತು.
"ಇದರಲ್ಲಿ ಬೋನಸ್ ಸೇರಿದೆ ಸರ್. ಬೋನಸ್‌ನ ಮೂವತ್ತು ಪಟ್ಟು ಆಡಿದ ಮೇಲೆ ತೆಗೆಯಬಹುದು."

ನಾನು ಬೋನಸ್ ಕೇಳಿಯೇ ಇರಲಿಲ್ಲ! ಹಾಗಂತ ಬರೆದೆ. "ನಿಯಮದಲ್ಲಿದೆ ಸರ್" ಅಂದರು. ಮತ್ತೆ ಬರೆದೆ. "ನಿಯಮದಲ್ಲಿದೆ ಸರ್." ಬೈದೆ. ಅದಕ್ಕೂ "ಧನ್ಯವಾದ ಸರ್, ಆಟ ಮುಂದುವರಿಸಿ". ಆ ಧನ್ಯವಾದ ನೋಡಿದಾಗ ಮೈ ಉರಿದುಹೋಯಿತು. ಪಕ್ಕದಲ್ಲಿದ್ದ ಹಮಾಲಿ ಹುಡುಗ "ಯಾಕಣ್ಣ, ಮನೇಲಿ ಏನಾದ್ರೂ ಆತಾ?" ಅಂತ ಕೇಳಿದ. ಏನಂತ ಹೇಳಲಿ?

ಆಟ ತೆಗೆದುಹಾಕಿದೆ. ಮುಗಿಯಿತು ಅಂದುಕೊಂಡೆ. ವಾರದ ಮೇಲೆ ಒಂದು ಎಸ್ಸೆಮ್ಮೆಸ್ ಕಳಿಸಬೇಕಿತ್ತು, ಹತ್ತು ರೂಪಾಯಿ ಹಾಕಿಸಿದೆ. 7.47 ಬಂತು. ಆಮೇಲೆ ಕಳಿಸಿದರಾಯಿತು ಅಂತ ಬಿಟ್ಟೆ. ಬೆಳಗ್ಗೆ ನೋಡಿದರೆ 2.47. ದಿನಕ್ಕೆ ಐದು ರೂಪಾಯಿಯ ಯಾವುದೋ ಗೇಮ್ ಸೇವೆ ನನ್ನ ನಂಬರಿನಲ್ಲಿ ಚಾಲೂ ಇತ್ತು. ಪ್ರತಿ ಸಲ ಉಳಿಯುತ್ತಿದ್ದ 6.75 ಎಲ್ಲಿ ಹೋಗುತ್ತಿತ್ತು ಅಂತ ಆವತ್ತು ಗೊತ್ತಾಯಿತು. ಅನ್‌ಲಿಮಿಟೆಡ್ ಪ್ಯಾಕ್ ಬಂದ ಮೇಲೆ ಮೇನ್ ಬ್ಯಾಲೆನ್ಸ್ ಯಾರು ನೋಡುತ್ತಾರೆ ಹೇಳಿ.

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ಆ ಹುಡುಗಿ ತಣ್ಣಗೆ ಹೇಳಿದಳು: "ನೀವೇ ಎರಡು ಸಲ ಒಪ್ಪಿಗೆ ಕೊಟ್ಟಿದ್ದೀರಿ ಸರ್." ಎರಡು ಸಲ ಒಪ್ಪಿಗೆ ಕೇಳಬೇಕು ಅಂತ ಟ್ರಾಯ್ (ಟೆಲಿಕಾಂ ಕಂಪನಿಗಳನ್ನು ನಿಯಂತ್ರಿಸುವ ಸರ್ಕಾರಿ ಸಂಸ್ಥೆ) ನಿಯಮ ಇದೆ, ಗ್ರಾಹಕರ ರಕ್ಷಣೆಗೇ ಇರುವುದು. ಆಟದ ನಡುವೆ ಬಂದಿದ್ದಕ್ಕೆಲ್ಲ "ಸರಿ, ಸರಿ" ಅಂತ ಒತ್ತಿದವನು ನಾನೇ. ದುಡ್ಡು ವಾಪಸ್ ಬರಲಿಲ್ಲ.

ಇಂಥ ಸೇವೆ ನಿಲ್ಲಿಸಲು 155223ಗೆ ಕರೆ ಮಾಡಿ, ಉಚಿತ. ಮನೆಯಲ್ಲಿ ಹುಡುಗರ ಫೋನಿದ್ದರೆ ಮೇನ್ ಬ್ಯಾಲೆನ್ಸ್ ಒಮ್ಮೆ ನೋಡಿ. ಆಧಾರ್ ಮಾತ್ರ ಕಳಿಸಬೇಡಿ. ಇಂಥ ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ ಅಂತ 2025ರ ಆಗಸ್ಟ್‌ನಲ್ಲೇ ಸಂಸತ್ತಿನಲ್ಲಿ ಕಾನೂನು ಪಾಸಾಗಿದೆ. ಆಡಿದವನಿಗೆ ಅದರಲ್ಲಿ ಶಿಕ್ಷೆ ಇಲ್ಲ. ಅದು ಗೊತ್ತಿಲ್ಲದೆ, ನನ್ನನ್ನೇ ಒಳಗೆ ಹಾಕುತ್ತಾರೆ ಅಂತ ಹೆದರಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಲು ಹನ್ನೊಂದು ದಿನ ತಡ ಮಾಡಿದೆ.

ಹೆಂಡತಿಗೆ ಇನ್ನೂ ಹೇಳಿಲ್ಲ. ಆ 2.47 ಹಾಗೇ ಇದೆ, ದಿನಾ ಬೆಳಗ್ಗೆ ಎದ್ದ ತಕ್ಷಣ ನೋಡುತ್ತೇನೆ.