ಮಲ್ನಾಡ್ ಮಳೆಗೆ ಸೆಮಿ ಆಟೊಮ್ಯಾಟಿಕ್ ವಾಷಿಂಗ್ ಮಷಿನ್ನೇ ಸರಿ

ತೀರ್ಥಹಳ್ಳಿ ಕಡೆ ಹಳ್ಳಿಮನೆಗೆ ಮಷಿನ್ ತಗಳೋರು ಇದ್ರೆ ಸೆಮಿ ಆಟೊಮ್ಯಾಟಿಕ್ಕೇ ತಗೊಳಿ. ಫುಲ್ ಆಟೊಮ್ಯಾಟಿಕ್‌ಗೆ ನಲ್ಲೀಲಿ ಪ್ರೆಶರ್ ಬೇಕು, ನಮ್ಮದು ಬಾವಿ ನೀರು, ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತೋ ಗೊತ್ತಿಲ್ಲ, ಕರೆಂಟ್ ಇದಕ್ಕೂ ಬೇಕು, ಆದ್ರೆ ಕೊಡಪಾನದಲ್ಲಿ ನೀರು ಹೊಯ್ದ್ರೂ ನಡೆಯುತ್ತೆ. ಬಟ್ಟೆ ಹಿಂಡೋ ಸ್ಪಿನ್ ತುಂಬಾ ಚೆನ್ನಾಗಿದೆ, ಜುಲೈಲಿ ಬಟ್ಟೆ ಒಣಗಿಸೋಕೆ ಬಚ್ಚಲೊಲೆ ಮೇಲೆ ಹಗ್ಗ ಕಟ್ಟೋರಿಗೆ ಅದರ ಬೆಲೆ ಗೊತ್ತು, ನೀರು ತೊಟ್ಟಿಕ್ಕಲ್ಲ, ಬೇಗ ಒಣಗೋದ್ರಿಂದ ಹೊಗೆ ವಾಸನೇನೂ ಕಮ್ಮಿ. ಅಡಿಕೆ ಚೊಗರಿನ ಕಲೆ ಮಾತ್ರ ಹೋಗಲ್ಲ, ಅಡಿಕೆ ಗೊನೆ ಕೊಯ್ಯೋವಾಗ ಹಾಕೋ ಬಟ್ಟೆ ಬೇರೆನೇ ಇಡಿ.

ಅಂಗಡಿಯವ್ರು "ಇನ್ನು ಅಕ್ಕಂಗೆ ಆರಾಮು" ಅಂದ್ರು. ಅಷ್ಟು ಸುಲಭ ಇಲ್ಲ, ನೀರು ತುಂಬೋದು, ಡ್ರೈಯರ್‌ಗೆ ಎತ್ತಿ ಹಾಕೋದು, ಹರವೋದು, ಮಡಚೋದು ಎಲ್ಲ ಕೈಕೆಲಸಾನೇ. ಕೇಂದ್ರ ಸರ್ಕಾರದ 2019ರ ಟೈಮ್ ಯೂಸ್ ಸರ್ವೇಲಿ ಸಂಬಳ ಇಲ್ಲದ ಮನೆಕೆಲಸಕ್ಕೆ ಅದನ್ನ ಮಾಡೋ ಹೆಂಗಸ್ರು ದಿನಕ್ಕೆ 299 ನಿಮಿಷ ಕೊಡ್ತಾರೆ, ಮಾಡೋ ಗಂಡಸ್ರು 97 ಅಂತಿದೆ. ನಮ್ಮನೆಯೋರು ತೋಟದಲ್ಲಿ ಬೆವರು ಸುರಿಸ್ತಾರೆ, ಅದನ್ನ ನಾನು ಯಾವತ್ತೂ ಕಡಿಮೆ ಮಾಡಿ ಹೇಳಲ್ಲ, ಅಡಿಗೆ ಬಟ್ಟೆ ನನ್ನ ಪಾಲು ಅಂತ ಮನಸಾರೆ ಒಪ್ಕೊಂಡಿದೀನಿ, ಆದ್ರೆ ಇದೂ ದುಡಿಮೆನೇ ಅಂತ ಅವ್ರು ನೋಡ್ಬೇಕು ಅನ್ನೋ ಆಸೆ ನಂಗೆ ಇದ್ದೇ ಇತ್ತು. ಈಗ ಒದ್ದೆ ಬೆಡ್‌ಶೀಟು, ಕಂಬಳಿ ಎತ್ತಿ ಹಾಕೋದು ಅವ್ರೇ, ಅತ್ತೆ ಮೊದ್ಲು ಮುಖ ಗಂಟು ಹಾಕಿದ್ರು, ಆಮೇಲೆ ಸುಮ್ನಾದ್ರು.

ತಗಳೋಕೆ ಗಂಡ ಹೆಂಡ್ತಿ ಇಬ್ರೂ ಹೋಗಿ, ಸ್ಪಿನ್ ಟಬ್ಬಿನ ಮುಚ್ಚಳ ಗಟ್ಟಿ ಇದ್ಯಾ ನೋಡಿ, ಬಚ್ಚಲ ನೆಲ ಯಾವಾಗ್ಲೂ ಒದ್ದೆ ಇರುತ್ತಲ್ಲ, ಅರ್ತಿಂಗ್ ಸರಿ ಇರೋ ಪಾಯಿಂಟಿಗೇ ಹಾಕ್ಸಿ.