ಜೆಮ್ ಪೋರ್ಟಲ್: ದರ ಹಾಕುವ ಮೊದಲು ಎಟಿಸಿ ಓದಿ

ಜೆಮ್ ಎಂದರೆ ಸರ್ಕಾರಿ ಇಲಾಖೆಗಳು ಖರೀದಿ ಮಾಡುವ ಆನ್‌ಲೈನ್ ಮಾರುಕಟ್ಟೆ. ಅಲ್ಲಿ ನೋಂದಣಿ, ಕ್ಯಾಟಲಾಗ್ ಹಾಕುವುದು ಎಲ್ಲರಿಗೂ ಗೊತ್ತಿರುವುದೇ, ಬಿಡೋಣ. ವರ್ಷಗಟ್ಟಲೆ ಬಳಸಿದ ಮೇಲೆ ಹೇಳಲೇಬೇಕಾದ ಮಾತೊಂದಿದೆ: ಸಣ್ಣ ಘಟಕ ಇಲ್ಲಿ ದರದಲ್ಲಿ ಸೋಲುವುದಕ್ಕಿಂತ ಹೆಚ್ಚಾಗಿ ಎಟಿಸಿಯಲ್ಲಿ, ಅಂದರೆ ಖರೀದಿದಾರರು ಬಿಡ್‌ಗೆ (ಟೆಂಡರ್‌ಗೆ) ಸೇರಿಸುವ ಹೆಚ್ಚುವರಿ ಷರತ್ತುಗಳಲ್ಲಿ ಸೋಲುತ್ತದೆ.

ಬೆಳಗಿನ ಕಾಫಿ ಆರುವುದರೊಳಗೆ ಹೊಸ ಬಿಡ್‌ಗಳ ಪಿಡಿಎಫ್ ಇಳಿಸಿಕೊಳ್ಳಿ. ಮೊದಲ ಪುಟಗಳಲ್ಲೇ ಎಂಎಸ್‌ಇಗಳಿಗೆ, ಅಂದರೆ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ, ಅನುಭವ ಮತ್ತು ಟರ್ನೋವರ್ ವಿನಾಯಿತಿ ಉಂಟೋ ಇಲ್ಲವೋ ಬರೆದಿರುತ್ತದೆ. 'ನೋ' ಇದ್ದು ನಿಮ್ಮ ಟರ್ನೋವರ್ ಸಾಲದಿದ್ದರೆ ಮುಂದಿನ ಬಿಡ್‌ಗೆ ಹೋಗಿ. ಆಮೇಲೆ ಪರ್ಚೇಸ್ ಪ್ರಿಫರೆನ್ಸ್, ಅಂದರೆ ಎಂಎಸ್‌ಇಗಳಿಗೆ ಖರೀದಿಯಲ್ಲಿ ಆದ್ಯತೆ, ಇದೆಯೇ ನೋಡಿ. ಎಲ್‌1, ಅಂದರೆ ಅತಿ ಕಡಿಮೆ ದರ ಹಾಕಿದವರು, ಎಂಎಸ್‌ಇ ಅಲ್ಲ, ಅವರ ದರ 100, ನಿಮ್ಮದು 115ರೊಳಗೆ ಎಂದುಕೊಳ್ಳಿ. 100ಕ್ಕೇ ಕೊಡಲು ಒಪ್ಪಿದರೆ ಸಾಮಾನ್ಯವಾಗಿ 25% ಪ್ರಮಾಣ ನಿಮಗೆ. ಆ ದರಕ್ಕೆ ಕೈ ಸುಡುತ್ತದೆಯೇ ಎಂದು ಮೊದಲೇ ಲೆಕ್ಕ ಹಾಕಿಡಿ. ಸರಕಿನ ಬಿಡ್‌ಗಳಲ್ಲಿ ಈ ಆದ್ಯತೆ ತಯಾರಕರಿಗೆ ಮಾತ್ರ. ನಿಮ್ಮ ಉದ್ಯಮ್ (ಎಂಎಸ್‌ಎಂಇ ನೋಂದಣಿ) ಸರ್ಟಿಫಿಕೇಟ್‌ನಲ್ಲಿ ಟ್ರೇಡಿಂಗ್ ಅಷ್ಟೇ ಇದ್ದರೆ ಇಎಂಡಿ, ಅಂದರೆ ಬಿಡ್ ಜೊತೆ ಕಟ್ಟುವ ಠೇವಣಿಯ ವಿನಾಯಿತಿಯೂ ಇಲ್ಲ.

ಇಷ್ಟಾದ ಮೇಲೆ ಎಟಿಸಿ ತೆರೆದರೆ ಮೈ ಉರಿಯುತ್ತದೆ. ಇಂಥ ಇಲಾಖೆಗೇ ಸರಬರಾಜು ಮಾಡಿರಬೇಕು, ಭಾರತೀಯ ಮಾನದಂಡ ಇದ್ದರೂ ವಿದೇಶಿ ಸರ್ಟಿಫಿಕೇಟೇ ಬೇಕು. ಯಾರ ಅಳತೆಗೆ ಹೊಲಿದ ಅಂಗಿ ಎಂದು ಓದುವಾಗಲೇ ಗೊತ್ತಾಗುತ್ತದೆ.

ಆದರೆ ಅದೇ ಪಿಡಿಎಫ್‌ನ ಬಾಲದಲ್ಲಿರುವ ಡಿಸ್‌ಕ್ಲೇಮರ್ ಈ ಎರಡನ್ನೂ ಹೆಸರಿಸಿ ಅಸಿಂಧು ಎನ್ನುತ್ತದೆ! ಬಿಡ್ ಪ್ರಕಟವಾದ 4 ದಿನದೊಳಗೆ ಸೆಲ್ಲರ್ ಡ್ಯಾಶ್‌ಬೋರ್ಡ್‌ನಿಂದ ರೆಪ್ರೆಸೆಂಟೇಶನ್ (ಆಕ್ಷೇಪಣೆ) ಹಾಕಬಹುದು. ಉತ್ತರ ಕೊಡದೆ ಖರೀದಿದಾರರು ಬಿಡ್ ತೆರೆಯುವಂತಿಲ್ಲ. ಹಳೆಯ ಕಾಗದದ ಟೆಂಡರ್ ಕಂಡವರಿಗೆ ಇದರ ಬೆಲೆ ಗೊತ್ತು. 'ಸಣ್ಣವರಿಗೆ ಅನ್ಯಾಯ' ಎಂದು ಬರೆದರೆ ಉಪಯೋಗವಿಲ್ಲ. ಷರತ್ತಿನ ಸಂಖ್ಯೆ, ಪುಟ, ಡಿಸ್‌ಕ್ಲೇಮರ್‌ನ ಯಾವ ಅಂಶಕ್ಕೆ ವಿರುದ್ಧ, ಬದಲಿಗೆ ಏನಿರಬೇಕು ಎಂದು ನಾಲ್ಕೇ ಸಾಲು ಬರೆಯಿರಿ. ಐದನೆಯ ದಿನ ನೆನಪಾದರೆ ಕಿಟಕಿ ಮುಚ್ಚಿರುತ್ತದೆ.

ಕೊರತೆಯೂ ಇಲ್ಲೇ ಇದೆ. ಉತ್ತರ ಕೊಡುವುದಷ್ಟೇ ಕಡ್ಡಾಯ, ಒಪ್ಪುವುದಲ್ಲ. 'ಆ್ಯಸ್ ಪರ್ ಬಿಡ್' ಎಂದು ಮೂರು ಪದ ಗೀಚಿದರೂ ಉತ್ತರವೇ.

ಹಣ ತಡವಾದರೆ 2006ರ ಎಂಎಸ್‌ಎಂಇಡಿ ಕಾಯ್ದೆಯ 45 ದಿನದ ಮಿತಿ ಇದೆ. ಸರಕು ಒಪ್ಪಿಕೊಂಡದ್ದಕ್ಕೆ ಕೊಡುವ ಸಿಆರ್‌ಎಸಿ ಪ್ರಮಾಣಪತ್ರದ ಪ್ರತಿ ಇಟ್ಟುಕೊಂಡು ಎಂಎಸ್‌ಎಂಇ ಸಚಿವಾಲಯದ ಆನ್‌ಲೈನ್ ಪೋರ್ಟಲ್‌ನಲ್ಲಿ ದೂರು ಹಾಕಿ.

ಜೆಮ್‌ಗೆ ಐದಕ್ಕೆ ಮೂರು ಸ್ಟಾರ್. ಉತ್ತರದಲ್ಲಿ ಕಾರಣ ಬರೆಯುವುದು ಕಡ್ಡಾಯವಾದ ದಿನ ನಾಲ್ಕು.